ಬದು ನಡೆದದ್ದನ್ನು ಕಂಡವನು

ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು ನಡೆದ ದಿನ ನಾನು ಬಲಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ನಮ್ಮಣ್ಣನ ಬಗ್ಗೆ ಏನು ಬರೆಯಲು ಕೂತರೂ ಮೊದಲು ಈ ಮಾತು ಬಂದು ಅಡ್ಡ ನಿಲ್ಲುತ್ತದೆ. ಇದನ್ನು ದಾಟಿ ಮುಂದಕ್ಕೆ ಹೋಗಲು ಆಗದ್ದರಿಂದ ಇದನ್ನೇ ಮೊದಲು ಬರೆದಿದ್ದೇನೆ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕುಣಿಗಲ್ಲಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದೇನೆ. ಬರೆದು ಅಭ್ಯಾಸವಿಲ್ಲ. ಆದರೆ ಅಣ್ಣ ಎಂಥವನು ಎಂದು ಬೇರೆ ಯಾರಾದರೂ ಬರೆದರೆ ಮರ್ಯಾದೆಗೆ ನನ್ನನ್ನು ಬಿಟ್ಟು ಬರೆಯುತ್ತಾರೆ. ನಮ್ಮ ಪಕ್ಕದ ಹೊಲದವನನ್ನೂ ಬಿಟ್ಟು ಬರೆಯುತ್ತಾರೆ. ನಾನು ಇಬ್ಬರನ್ನೂ ಬಿಡುವುದಿಲ್ಲ.

ಅಣ್ಣನಿಗೆ ಗುಬ್ಬಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಸ್ಟುಡಿಯೋ ಎಂದರೆ ಒಂದು ಕುರ್ಚಿ, ಅದರ ಹಿಂದೆ ನೀಲಿ ಬಟ್ಟೆ, ದಾರದಲ್ಲಿ ಬಾಚಣಿಗೆ ಕಟ್ಟಿದ ಒಂದು ಕನ್ನಡಿ. ಅರ್ಜಿಗೆ ಅಂಟಿಸುವ ಫೋಟೋ, ಮದುವೆ, ನಾಮಕರಣ, ಇವು ಅವನ ಹೊಟ್ಟೆಪಾಡು. ಜೀವ ಇದ್ದದ್ದು ಬೇರೆ ಕಡೆ. ಹಳೆಯ ಕ್ಯಾಮೆರಾ ಒಂದಕ್ಕೆ ಟೈಮರ್ ಸೇರಿಸಿ, ಅದನ್ನು ಎಲ್ಲಾದರೂ ಕಟ್ಟಿ ಬಂದುಬಿಡುತ್ತಿದ್ದ. ಐದು ನಿಮಿಷಕ್ಕೋ ಅರ್ಧ ಗಂಟೆಗೋ ದಿನಕ್ಕೋ ಒಂದರಂತೆ ಅದು ತಾನೇ ಚಿತ್ರ ಹೊಡೆದುಕೊಂಡು ಕೂತಿರುತ್ತಿತ್ತು. ಆಮೇಲೆ ಅವನ್ನೆಲ್ಲ ಪೋಣಿಸಿ ಓಡಿಸಿದರೆ ಒಂದು ತಿಂಗಳು ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು.

ಮೊದಲು ಹೀಗೆ ಹಿಡಿದದ್ದು ಅತ್ತಿಗೆಯ ದೋಸೆ ಹಿಟ್ಟನ್ನು. ರುಬ್ಬಿಟ್ಟ ಹಿಟ್ಟು ಮೆಲ್ಲಗೆ ಏರಿ, ಮುಚ್ಚಳವನ್ನು ತಲೆಯಿಂದ ಎತ್ತಿ, ಕಳ್ಳನ ಹಾಗೆ ಅತ್ತ ಇತ್ತ ನೋಡಿ, ಪಾತ್ರೆಯಿಂದ ಇಳಿದು ಕಟ್ಟೆಯ ಮೇಲೆ ನಡೆದುಹೋಗುತ್ತದೆ. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದ. "ಊರೋರ ಗಂಡಂದ್ರೆಲ್ಲ ಹೆಂಡ್ತಿ ಮುಖ ಫೋಟೋ ತೆಗೀತಾರೆ. ನಮ್ಮೋರು ಹಿಟ್ಟಿನ್ ಮುಖ ತೆಗೀತಾರೆ," ಎಂದು ಅತ್ತಿಗೆ ಒಳಗಿನಿಂದ ಅನ್ನುತ್ತಿದ್ದಳು. ಅವಳೂ ಬಂದು ಬಾಗಿಲಿಗೆ ಒರಗಿ ನೋಡುತ್ತಿದ್ದಳು.

ಒಂದು ಮದುವೆಯಲ್ಲಿ ಛತ್ರದ ಊಟದ ಹಾಲಿನ ಮೇಲ್ಛಾವಣಿಗೆ ಕ್ಯಾಮೆರಾ ಕಟ್ಟಿದ. ಹಸಿರು ಎಲೆಗಳ ಸಾಲು ಬಿಚ್ಚಿಕೊಳ್ಳುತ್ತದೆ, ಬೆಳ್ಳಗಾಗುತ್ತದೆ, ಕೆಂಪಗಾಗುತ್ತದೆ, ಬರಿದಾಗಿ ಮಡಚಿಕೊಳ್ಳುತ್ತದೆ. ಮತ್ತೆ ಮುಂದಿನ ಪಂಕ್ತಿ. ಇಡೀ ಹಾಲು ಉಸಿರಾಡಿದ ಹಾಗೆ ಕಾಣುತ್ತಿತ್ತು. ಇದರಲ್ಲಿ ಮದುಮಗಳೇ ಇಲ್ಲವಲ್ಲ ಎಂದು ಹೆಣ್ಣಿನ ತಂದೆ ಮೊದಲು ಸಿಟ್ಟಾದರು. ಆಮೇಲೆ ತಾವು ಬಡಿಸಿದ್ದು ಎಷ್ಟು ಜನಕ್ಕೆ ಎಂದು ನೋಡಲು ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡರು. ಬಟವಾಡಿಯ ಒಬ್ಬ ಡಾಕ್ಟರು ಸಕ್ಕರೆ ಕಾಯಿಲೆಯವನೊಬ್ಬನ ಕಾಲಿನ ಹುಣ್ಣನ್ನು ದಿನವೂ ಡ್ರೆಸಿಂಗ್ ಹೊತ್ತಿಗೆ ಒಂದೇ ಜಾಗದಿಂದ ಹಿಡಿಸಿದರು. ವಾಸಿಯಾಗುವುದಿಲ್ಲ ಎಂದು ಬರುವುದನ್ನೇ ಬಿಡುತ್ತಿದ್ದ ಮನುಷ್ಯ, ಹುಣ್ಣು ಅಂಚಿನಿಂದ ಮುಚ್ಚಿಕೊಂಡು ಬರುವುದನ್ನು ಕಣ್ಣಾರೆ ಕಂಡ ಮೇಲೆ ಒಂದು ದಿನವೂ ತಪ್ಪಿಸಲಿಲ್ಲವಂತೆ. ಕಡಬದ ಕೆರೆಯನ್ನು ಏರಿಯ ಮೇಲಿಂದ ಒಂದು ವರ್ಷ ಹಿಡಿದ. ಮಲಗಿದ ಎಮ್ಮೆಯ ಹೊಟ್ಟೆಯಂತೆ ಅದು ಉಬ್ಬುತ್ತದೆ, ಇಳಿಯುತ್ತದೆ. ನಡುವೆ ಒಂದು ಕಡೆ ಕೆಂಜಿಗ ಇರುವೆಯೊಂದು ಕ್ಯಾಮೆರಾದ ಡಬ್ಬಿಯೊಳಗೆ ನುಗ್ಗಿ ಕೆರೆಗಿಂತ ದೊಡ್ಡದಾಗಿ ನಿಂತಿದೆ. ಅದನ್ನು ತೆಗೆದುಹಾಕು ಎಂದರೆ ಕೇಳಲಿಲ್ಲ. "ಅದೂ ಬಂದಿತ್ತಲ್ಲ ಕಣ್ಲಾ. ಬಂದಿದ್ದನ್ನ ಯಾಕ್ ತೆಗೀಬೇಕು?" ಎಂದ.

ಇದು ಅವನ ಗುಣ. ಬಂದದ್ದನ್ನು ತೆಗೆಯುತ್ತಿರಲಿಲ್ಲ.

ಮಾತು ಕಡಿಮೆ. ಏನಾದರೂ ಕೇಳಿದರೆ ಬಲಗೈ ಹೆಬ್ಬೆರಳನ್ನು ಬೆರಳಿನ ಗಿಣ್ಣುಗಳ ಮೇಲೆ ಒಂದೊಂದಾಗಿ ಇಟ್ಟುಕೊಂಡು ಹೋಗುತ್ತಿದ್ದ. ಎರಡು ಕ್ಲಿಕ್ಕಿನ ನಡುವೆ ಕಾದು ಕಾದು ಬಂದ ಅಭ್ಯಾಸ ಅದು. ಕಡೆಯ ಗಿಣ್ಣು ಮುಟ್ಟಿದ ಮೇಲೆ ಉತ್ತರ. ಹೊಸಬರು ಅವನಿಗೆ ಕಿವಿ ಮಂದ ಎಂದುಕೊಳ್ಳುತ್ತಿದ್ದರು. ಆಗಾಗ ಒಂದು ಮಾತು ಹೇಳುತ್ತಿದ್ದ: "ಕಳ್ಳ ಯಾವಾಗ್ಲೂ ಎರಡು ಕ್ಲಿಕ್ ಮಧ್ಯೆನೇ ಬರ್ತಾನೆ. ಆದ್ರೆ ಬಂದೋಗಿದ್ದು ಮುಂದಿನ್ ಚಿತ್ರದಲ್ಲಿ ಇದ್ದೇ ಇರ್ತದೆ." ಆಗ ನಾವು ಅದನ್ನು ದೋಸೆ ಹಿಟ್ಟಿನ ಬಗ್ಗೆ ಹೇಳಿದ್ದು ಎಂದುಕೊಂಡು ನಕ್ಕಿದ್ದೆವು.

ಈಗ ನನ್ನ ಹೊಟ್ಟೆಯೊಳಗಿನದನ್ನು ಹೇಳಬೇಕು. ಅವನ ಮೊದಲ ಕ್ಯಾಮೆರಾಕ್ಕೆ ಅವ್ವ ಕಿವಿಯ ಓಲೆ ಬಿಚ್ಚಿಕೊಟ್ಟಳು. ಅದೇ ವರ್ಷ ಹೊಲಕ್ಕೆ ಆಳು ಸಾಲದು ಎಂದು ನನ್ನನ್ನು ಶಾಲೆ ಬಿಡಿಸಿದರು. ಅಣ್ಣ ಗುಬ್ಬಿ ಸೇರಿದ. ಅವ್ವನ ಕಡೆಗಾಲದಲ್ಲಿ ಊರಿನಲ್ಲಿದ್ದು ಅವಳನ್ನು ಮೀಯಿಸಿ ಉಣಿಸಿದವನು ನಾನು. ಅವನು ಬಂದಾಗಲೆಲ್ಲ ಅವಳನ್ನು ಜಗಲಿಯ ಅದೇ ಕಂಬಕ್ಕೆ ಒರಗಿಸಿ ಒಂದು ಚಿತ್ರ ಹಿಡಿಯುತ್ತಿದ್ದ. ಅವನ್ನು ಓಡಿಸಿದರೆ ಅವ್ವ ಕಂಬದ ಬುಡಕ್ಕೆ ಇಳಿಯುತ್ತ ಇಳಿಯುತ್ತ ಮಗುವಿನಷ್ಟಾಗುತ್ತಾಳೆ. ನೋಡಿದವರು ಕಣ್ಣೊರೆಸಿಕೊಂಡು ಅಣ್ಣನ ಬೆನ್ನು ತಟ್ಟುತ್ತಿದ್ದರು. ಅದರಲ್ಲಿ ನಾನು ಇರುವುದು ಒಂದೇ ಕಡೆ. ನಾನಲ್ಲ, ಲೋಟ ಹಿಡಿದ ನನ್ನ ಕೈ. ಆ ಕೈಯನ್ನು ನೋಡಿದಾಗೆಲ್ಲ ನನ್ನೊಳಗೆ ಏನೋ ಉರಿಯುತ್ತಿತ್ತು.

ಅವ್ವನನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಬದುವಿನಿಂದ ಒಳಗೆ, ಒಂದು ಗಾಡಿ ಓಡಾಡುವಷ್ಟು ಜಾಗ ಬಿಟ್ಟು. ಅಣ್ಣ ಗುಡ್ಡೆಯ ತಲೆಯ ಕಡೆ ಒಂದು ಹೊಂಗೆ ಸಸಿ ನೆಟ್ಟ. ಅದು ಬೆಳೆಯುವುದನ್ನು ಹಿಡಿಯಬೇಕೆಂದು ಪಂಪ್‌ಹೌಸಿನ ಸೂರಿನ ಕೆಳಗೆ ಕ್ಯಾಮೆರಾ ಕಟ್ಟಿದ. ಒಂದು ಸ್ಟೀಲ್ ಡಬ್ಬಿ, ಅದಕ್ಕೆ ಗಾಜಿನ ಕಿಂಡಿ, ಮೇಲೆ ಒಂದು ಚಿಕ್ಕ ಸೋಲಾರ್ ಪ್ಲೇಟು. ಹಗಲು ಹೊತ್ತು ಅರ್ಧ ಗಂಟೆಗೊಂದು ಚಿತ್ರ. ಗಾಳಿಗೆ ಅಲುಗಾಡದಿರಲಿ ಎಂದು ಕಟ್ಟಲು ಲಾರಿ ಟ್ಯೂಬಿನ ರಬ್ಬರು ಬೇಕಿತ್ತು. ಅಷ್ಟರಲ್ಲಿ ನಾನು ಹೆಂಡತಿಯ ಊರಾದ ಕುಣಿಗಲ್ಲಿಗೆ ಬಂದು ಅಂಗಡಿ ಹಾಕಿದ್ದೆ. ರಬ್ಬರನ್ನು ಉದ್ದಕ್ಕೆ ಸೀಳಿ ಕೊಟ್ಟವನು ನಾನೇ. ನನ್ನ ಮೇಲಿನ ಸಾಕ್ಷಿಯನ್ನು ಕಟ್ಟಲು ಹಗ್ಗ ನನ್ನ ಅಂಗಡಿಯಿಂದಲೇ ಹೋಯಿತು.

ಕೆಲವು ಮುಂಗಾರು ಕಳೆದ ಮೇಲೆ ಒಂದು ಮಧ್ಯಾಹ್ನ ಅಣ್ಣ ನನ್ನ ಅಂಗಡಿಗೆ ಬಂದು ಲ್ಯಾಪ್‌ಟಾಪ್ ಬಿಚ್ಚಿದ. ಹೊಂಗೆ ಎರಡೆಲೆಯಿಂದ ಮನುಷ್ಯನ ಎದೆಯವರೆಗೆ ಬೆಳೆದಿತ್ತು. ಚೆನ್ನಾಗಿದೆ ಎಂದೆ. "ಗಿಡ ಬುಡು. ಹಿಂದೆ ನೋಡ್ಲಾ," ಎಂದ. ನೋಡಿದೆ. ಪ್ರತಿ ಉಳುಮೆಗೂ ಬದು ಒಂದು ಹೆಜ್ಜೆ ನಮ್ಮ ಕಡೆಗೆ ಬರುತ್ತಿತ್ತು. ಪಕ್ಕದ ಹೊಲದವನ ಟ್ರಾಕ್ಟರು ಬದುವಿನ ಆ ಬದಿಯನ್ನು ಕಚ್ಚುತ್ತದೆ, ಮಣ್ಣು ಈ ಬದಿಗೆ ಬೀಳುತ್ತದೆ, ಕತ್ತಾಳೆ ಸಾಲು ತಾನೇ ಕಿತ್ತುಕೊಂಡು ಈಚೆಗೆ ನೆಟ್ಟುಕೊಳ್ಳುತ್ತದೆ. ಹೊಲದಲ್ಲಿ ದಿನಾ ನಿಂತು ನೋಡಿದರೂ ಗೊತ್ತಾಗದ್ದು. ಅಲ್ಲಿ ಒಂದು ನಿಮಿಷದಲ್ಲಿ ಬದು ಎದ್ದು ಅವ್ವನ ಗುಡ್ಡೆಯ ಕಡೆಗೆ ನಡೆದು ಬರುತ್ತಿತ್ತು.

ಆ ಪಕ್ಕದ ಹೊಲದವನನ್ನು ಊರ ವರಸೆಯಲ್ಲಿ ನಾವು ಮಾವ ಎನ್ನುತ್ತಿದ್ದೆವು. ಅವನು ನನ್ನನ್ನು ಅಳಿಯ ಎನ್ನುತ್ತಿದ್ದ. ಅವನ ಹೆಸರು ಬರೆಯುವುದಿಲ್ಲ. ಹೆಸರು ಬರೆಯುವುದೂ ಒಂದು ಮರ್ಯಾದೆ.

ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆ ಮಾಡಿಸಲು ನನ್ನ ಸಹಿಯೂ ಬೇಕಿತ್ತು, ಖಾತೆ ಇಬ್ಬರ ಹೆಸರಲ್ಲಿತ್ತು. ನೋಡೋಣ, ನೋಡೋಣ ಎಂದು ನಾನು ಜಾರಿಕೊಂಡೆ. ಕೊನೆಗೆ ಅಣ್ಣ ಊರಿನ ಹಿರಿಯರನ್ನು ಹಾಲಿನ ಡೈರಿಯ ಮುಂದೆ ಸೇರಿಸಿ ಲ್ಯಾಪ್‌ಟಾಪ್ ಇಟ್ಟ. ಉರಿಬಿಸಿಲು. ಪರದೆಯಲ್ಲಿ ಅವರ ಮುಖಗಳೇ ಅವರಿಗೆ ಕಂಡವು. ಮಾವ ನಕ್ಕ. ಸಿನಿಮಾದಲ್ಲಿ ಬೆಟ್ಟವೇ ಹಾರುತ್ತದೆ, ಬದು ನಡೆಯುವುದು ಏನು ಮಹಾ ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ, "ಮಿಷನ್ನು ಸುಳ್ಳು ಹೇಳ್ತದೆ. ಮಣ್ಣು ಹೊತ್ತೋನು ಹೇಳಲ್ಲ. ಬೇರೆ ಯಾರೂ ಬ್ಯಾಡ, ಆ ಹೊಲ ಉತ್ತು ಬೆಳೆದ ತಮ್ಮನೇ ಹೊತ್ಕೊಂಡು ನಡೀಲಿ."

ನಮ್ಮ ಕಡೆ ಇದು ಹಳೆಯ ಪದ್ಧತಿ. ಗಡಿಯ ತಕರಾರಾದಾಗ ಆ ನೆಲ ಬಲ್ಲವನೊಬ್ಬ ಒದ್ದೆ ಮಣ್ಣಿನ ಹೆಂಟೆಯನ್ನು ಟವಲಿನಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಬರಿಗಾಲಲ್ಲಿ ನಡೆಯಬೇಕು. ಅವನು ನಡೆದದ್ದೇ ಗೆರೆ. ಹಿಂದೆ ಬರುವವರು ಗೂಟ ಹೊಡೆದುಕೊಂಡು ಬರುತ್ತಾರೆ. ಸುಳ್ಳು ನಡೆದವನ ಮನೆಯನ್ನು ಮಣ್ಣೇ ತಿನ್ನುತ್ತದೆ ಎನ್ನುತ್ತಾರೆ. ಮೂರು ದಿನ ಬಿಟ್ಟು ನಡೆಯುವುದೆಂದು ತೀರ್ಮಾನವಾಯಿತು.

ಆ ಮೂರು ದಿನದಲ್ಲಿ ಮಾವ ಕುಣಿಗಲ್ಲಿಗೆ ಬಂದ. ದುಡ್ಡಿನ ಮಾತು ಆಡಲಿಲ್ಲ. ಅಂಗಡಿಯ ಟೈರಿನ ಮೇಲೆ ಕೂತು ಟೀ ಕುಡಿದು ನನ್ನ ಉರಿಯನ್ನು ಊದಿ ಹೋದ. "ಅಲ್ಲ ಅಳಿಯ, ನಿಮ್ಮವ್ವನ ಹೇಲು ಉಚ್ಚೆ ಬಾಚಿದೋನು ನೀನು. ಫೋಟೋ ಹಿಡ್ದು ಹೆಸ್ರು ತಕಂಡೋನು ಅವ್ನು. ಇವತ್ತಿನ ಗಂಟ ಯಾವುದಕ್ಕಾದ್ರೂ ನಿನ್ನ ಒಂದ್ ಮಾತು ಕೇಳವ್ನೇನ್ಲಾ? ಗುಡ್ಡೆ ನಾನು ಮುಟ್ಟಲ್ಲ ಬುಡು. ನಮ್ಮಕ್ಕನ ಹಂಗಿದ್ಲು."

ಹೆಂಟೆ ಹೊತ್ತ ದಿನ ರಸ್ತೆಯ ಕಡೆಯಿಂದ ಹೊರಟೆ. ಎಡಕ್ಕೆ ನಮ್ಮ ಹೊಲ, ಬಲಕ್ಕೆ ಅವನದು. ಹುಣಸೆಯ ಮೋಟು ಇರುವಲ್ಲಿ ಹಳೆಯ ಬದು ಬಲಕ್ಕೆ ತಿರುಗುತ್ತಿತ್ತು. ಅದು ನನ್ನ ಪಾದಕ್ಕೆ ಗೊತ್ತು, ಕಣ್ಣು ಮುಚ್ಚಿದರೂ ಗೊತ್ತು. ಹೆಂಟೆಯ ನೀರು ಕಿವಿಯ ಹಿಂದೆ ಇಳಿಯುತ್ತಿತ್ತು. ಅಣ್ಣ ಪಂಪ್‌ಹೌಸಿನ ಮುಂದೆ ನಿಂತಿದ್ದ, ಹೆಬ್ಬೆರಳು ಗಿಣ್ಣುಗಳ ಮೇಲೆ ಹೋಗುತ್ತಿತ್ತು. ನಾನು ಎಡಕ್ಕೆ ತಿರುಗಿದೆ. ಅವನ ಹೆಬ್ಬೆರಳು ನಿಂತಿತು. ನಾನು ಅವ್ವನ ಗುಡ್ಡೆಯ ಈಚೆಯಿಂದ ನಡೆದುಹೋದೆ. ಗುಡ್ಡೆ, ಹೊಂಗೆ, ಎರಡೂ ಮಾವನ ಪಾಲಾದವು. ಹಿಂದೆ ಗೂಟ ಹೊಡೆಯುವ ಸದ್ದು ಕೇಳುತ್ತಿತ್ತು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಖುಷಿಯಾಗಿತ್ತು. ಈಗ ಎಲ್ಲರಿಗೂ ನನ್ನ ಕೈ ಮಾತ್ರವಲ್ಲ, ನಾನು ಪೂರ್ತಿ ಕಾಣುತ್ತಿದ್ದೇನೆ ಅನಿಸಿತ್ತು.

ಮುಂದಿನ ಉಳುಮೆಗೇ ಮಾವ ಗುಡ್ಡೆಯನ್ನು ಸಮ ಮಾಡಿಸಿದ. ಹೊಂಗೆಯನ್ನು ಬುಡಸಮೇತ ತೆಗೆಸಿದ. ಕೇಳಿದರೆ, ಟ್ರಾಕ್ಟರಿನವನಿಗೆ ಗೊತ್ತಾಗಲಿಲ್ಲ ಎಂದ.

ಅಣ್ಣ ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಕುಣಿಗಲ್ಲಿನ ಕಡೆ ಬಂದರೆ ಹಿಂದಿನ ಹಾಗೆಯೇ ಅಂಗಡಿಗೆ ಬರುತ್ತಿದ್ದ, ನನ್ನ ಮಕ್ಕಳಿಗೆ ಬ್ರೆಡ್ಡು ತರುತ್ತಿದ್ದ. ಹೊರಡುವಾಗ ಒಂದೇ ಮಾತು. "ಪಂಪ್‌ಹೌಸ್ ಕ್ಯಾಮೆರಾ ಸಡಿಲ ಆಗಿದೆ ಕಣ್ಲಾ. ಒಂದ್ ತುಂಡು ರಬ್ಬರ್ ಕೊಡು." ಗಿಡವೂ ಇಲ್ಲ, ಗುಡ್ಡೆಯೂ ಇಲ್ಲ, ಇನ್ನು ಏನನ್ನು ಹಿಡಿಯುತ್ತೀಯ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ರಬ್ಬರು ಸೀಳಿ ಕೊಡುತ್ತಿದ್ದೆ. ಇದು ಅವನು ನನ್ನ ಮೇಲೆ ತೀರಿಸಿಕೊಳ್ಳುವ ಸೇಡು ಎಂದೇ ವರ್ಷಗಟ್ಟಲೆ ತಿಳಿದಿದ್ದೆ.

ಈಚೆಗೆ ಕುಣಿಗಲ್ಲಿನ ಒಂದು ಛತ್ರದಲ್ಲಿ, ಮದುವೆಯ ಹಿಂದಿನ ದಿನ, ಕ್ಯಾಮೆರಾ ಕಟ್ಟಿ ಕೆಳಗಿಳಿದವನು ಎದೆ ಹಿಡಿದುಕೊಂಡು ಕೂತ. ತುಮಕೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಅವ್ವನ ಪಕ್ಕದಲ್ಲಿ ಮಲಗಿಸಬೇಕು ಎನ್ನುವುದು ಅವನ ಒಂದೇ ಆಸೆ ಎಂದು ಅತ್ತಿಗೆ ಹೇಳಿದಳು. ನಾನು ಮಾವನ ಮನೆ ಬಾಗಿಲಿಗೆ ಹೋಗಿ ನಿಂತೆ. ಒಂದು ಆಳು ಮಲಗುವಷ್ಟು ಜಾಗ ಕೊಡು ಎಂದೆ. ಅವನು ರೊಟ್ಟಿ ತಿನ್ನುತ್ತಿದ್ದ, ಏಳಲಿಲ್ಲ.

"ಗೆರೆ ನಡೆದೋನು ನೀನೇ ಅಲ್ವೇನ್ಲಾ ಅಳಿಯ? ನನ್ ಹೊಲದಲ್ಲಿ ಯಾರ್ ಹೆಣಾನೂ ಹೂಳಕ್ಕೆ ಬುಡಲ್ಲ."

ಅಣ್ಣನನ್ನು ಪಂಪ್‌ಹೌಸಿನ ಹಿಂದೆ, ಪೈಪುಗಳು ಹಾದುಹೋಗುವ ಕಲ್ಲುನೆಲದಲ್ಲಿ ಮಣ್ಣು ಮಾಡಿದೆವು. ಗುಂಡಿಗೆ ಮಣ್ಣು ಎಳೆಯುವಾಗಲೇ ನಾನು ತೀರ್ಮಾನಿಸಿದೆ, ಮಾವನನ್ನು ಊರ ಮುಂದೆ ನಿಲ್ಲಿಸದೆ ಬಿಡುವುದಿಲ್ಲ ಎಂದು.

ಅಣ್ಣನಿಗೆ ಒಬ್ಬಳೇ ಮಗಳು. ಕ್ಯಾತ್ಸಂದ್ರದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಪಂಪ್‌ಹೌಸಿನ ಚಿತ್ರಗಳನ್ನೆಲ್ಲ ಒಂದು ಮಾಡು, ತಿಥಿಯ ದಿನ ಪರದೆ ಕಟ್ಟಿ ತೋರಿಸೋಣ ಎಂದೆ. ಅವಳು ಎರಡು ದಿನ ಕೂತು ಮಾಡಿದಳು. ನನಗೆ ತೋರಿಸುವಾಗ ಒಂದು ಕಡೆ ನಿಲ್ಲಿಸಿದಳು. ಹುಣಸೆಯ ಮೋಟಿನ ಹತ್ತಿರ ನಾನಿದ್ದೆ. ತಲೆಯ ಮೇಲೆ ಟವಲು, ಹೆಂಟೆ, ಎಡಕ್ಕೆ ತಿರುಗಿದ ಪಾದ. ಅರ್ಧ ಗಂಟೆಗೊಮ್ಮೆ ಕಣ್ಣು ಬಿಡುವ ಕ್ಯಾಮೆರಾ ಸರಿಯಾಗಿ ಆ ಗಳಿಗೆಯಲ್ಲಿ ಬಿಟ್ಟಿತ್ತು.

"ಚಿಕ್ಕಪ್ಪ, ಇದು ಇರ್ಲಾ, ತೆಗೀಲಾ?" ಎಂದಳು, ಪರದೆಯನ್ನೇ ನೋಡುತ್ತ.

ತೆಗಿ ಎಂದೆ. ತೆಗೆದಳು. ಕೆಂಜಿಗವನ್ನೂ ತೆಗೆಯದವನ ಮಗಳ ಕೈಯಲ್ಲಿ ನನ್ನನ್ನು ತೆಗೆಸಿದೆ.

ತಿಥಿಯ ಊಟಕ್ಕೆ ಹಗೆಯವನೂ ಬರಬೇಕು, ಬರದಿದ್ದರೆ ಮಾತು ಬರುತ್ತದೆ. ಮಾವ ಬಂದ. ಒಬ್ಬಟ್ಟು ಹೊಡೆದು, ಮುಂದಿನ ಸಾಲಿನ ಕುರ್ಚಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತ. ಅಣ್ಣನ ಕೆಲಸ ತೋರಿಸುತ್ತೇವೆ ಎಂದು ಸಂಜೆ ಕವಿಯುವ ಹೊತ್ತಿಗೆ ಶಾಮಿಯಾನದಲ್ಲಿ ಬಿಳಿ ಪಂಚೆ ಇಳಿಬಿಟ್ಟೆವು. ದೋಸೆ ಹಿಟ್ಟು ನಡೆದಾಗ ಎಲ್ಲರೂ ನಕ್ಕರು, ಮಾವನೂ ನಕ್ಕ. ಆಮೇಲೆ ಪಂಪ್‌ಹೌಸಿನದು ಬಂತು. ಹೊಂಗೆ ಎರಡೆಲೆ ಬಿಟ್ಟಿತು. ಬದು ಒಂದು ಹೆಜ್ಜೆ ಬಂತು, ಇನ್ನೊಂದು ಹೆಜ್ಜೆ ಬಂತು. ಈ ಸಲ ಬಿಸಿಲಿರಲಿಲ್ಲ. ಪಂಚೆಯಷ್ಟು ಅಗಲಕ್ಕೆ ಎಲ್ಲರಿಗೂ ಕಂಡಿತು. ಗುಡ್ಡೆ ಇತ್ತು, ಗಿಡ ಇತ್ತು, ಮುಂದಿನ ಚಿತ್ರದಲ್ಲಿ ಎರಡೂ ಇರಲಿಲ್ಲ. ಬರೀ ಕೆಂಪು ನೆಲ, ಅದರ ಮೇಲೆ ಟ್ರಾಕ್ಟರಿನ ಗಾಲಿಯ ಗುರುತು. ಯಾರೋ ಹೆಂಗಸು ಲೊಚಗುಟ್ಟಿದಳು. ಡೈರಿಯ ಮುಂದೆ ಅಂದು ತೀರ್ಮಾನ ಹೇಳಿದ್ದ ಹಿರಿಯರು ಕುರ್ಚಿಯನ್ನು ಮಾವನಿಂದ ಸ್ವಲ್ಪ ಆಚೆಗೆ ಸರಿಸಿಕೊಂಡರು. ಅದನ್ನು ನೋಡಿ ನನ್ನ ಎದೆ ತಣ್ಣಗಾಯಿತು. ಇಷ್ಟು ವರ್ಷಕ್ಕೆ ಅವನ ಮುಖ ಬಾಡಿದ್ದನ್ನು ಕಂಡೆ. ಇನ್ನೊಮ್ಮೆ ಹಾಕು ಎಂದು ಅಣ್ಣನ ಮಗಳಿಗೆ ಹೇಳಿದೆ. ಗುಡ್ಡೆ ಮಾಯವಾಗುವುದನ್ನು ಮೂರು ಸಲ ಹಾಕಿಸಿದೆ.

ಮಾವ ಎದ್ದು ನಿಂತು ಎಲೆ ಅಡಿಕೆ ಉಗಿದ. "ನಾನ್ ಕಳ್ಳನೇ ಕಣ್ಲಾ, ಒಪ್ಕತೀನಿ. ಮಣ್ಣು ಹೊತ್ತೋನು ಎಲ್ಲಿ? ಅವ್ನುನ್ನೂ ತೋರ್ಸು."

ಅವನು ಜೀವಮಾನದಲ್ಲಿ ಆಡಿದ ನಿಜ ಅದೊಂದೇ ಇರಬೇಕು. ಅದನ್ನೂ ನನಗೆ ಚುಚ್ಚಲೆಂದೇ ಆಡಿದ. ಚಿತ್ರ ತೆಗೆದರೆ ಊರಿನ ನೆನಪು ಹೋಗುತ್ತದೆಯೇ? ಅಂದು ನನ್ನ ಹಿಂದೆ ಗೂಟ ಹೊಡೆದವರೆಲ್ಲ ಅಲ್ಲೇ ಕೂತಿದ್ದರು. ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು.

ಜನ ಹೋದ ಮೇಲೆ ಅತ್ತಿಗೆ ಪಂಚೆ ಮಡಚುತ್ತ ಹೇಳಿದಳು, ನಾನು ಎಡಕ್ಕೆ ತಿರುಗಿದ ಆ ಚಿತ್ರವನ್ನು ಅಣ್ಣ ಎಷ್ಟೋ ಸಲ ಹಾಕಿಕೊಂಡು ನೋಡುತ್ತಿದ್ದನಂತೆ. ಸಿಟ್ಟಿನಿಂದ ನೋಡುತ್ತಿದ್ದನೇ ಎಂದು ಕೇಳಿದೆ. ಇಲ್ಲ ಎಂದಳು. "'ಕ್ಯಾಮೆರಾ ಬಿಚ್ಚದು ಬ್ಯಾಡ ಕಣೇ, ಇನ್ನೊಂದ್ ಚಿತ್ರದಲ್ಲಿ ಅವ್ನು ವಾಪಸ್ ತಿರುಗ್ತಾನೆ' ಅನ್ನೋರು. ಅದ್ಕೇ ನಿನ್ ತಾವ ರಬ್ಬರ್ ತರೋರು."

ಮಾರನೆಯ ಬೆಳಗ್ಗೆ ಹಿರಿಯರನ್ನು ಕರೆದೆ. ಮಾವನಿಗೂ ಹೇಳಿ ಕಳಿಸಿದೆ. ಹದ್ದುಬಸ್ತಿನ ಅರ್ಜಿಗೆ ಸಹಿ ಮಾಡಿ ಅಣ್ಣನ ಮಗಳ ಕೈಗೆ ಕೊಟ್ಟೆ. ಅವಳು ಪಂಪ್‌ಹೌಸಿನ ಸೂರಿಗೆ ಏಣಿ ಹಾಕಿ ಡಬ್ಬಿಯನ್ನು ಒರೆಸಿ, ಬಿಗಿಯಾಗಿ ಕಟ್ಟಿದಳು. ನಾನು ಕಾಲುವೆಯಲ್ಲಿ ಒಂದು ಹೆಂಟೆ ನೆನೆಸಿ, ಟವಲಿನಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡೆ. ಅತ್ತಿಗೆ ಅಣ್ಣ ನಿಂತಿದ್ದ ಜಾಗದಲ್ಲೇ ನಿಂತಳು. ಹುಣಸೆಯ ಮೋಟಿನಲ್ಲಿ ಬಲಕ್ಕೆ ತಿರುಗಿದೆ. ಅಲ್ಲಿ ಈಗ ಬದುವಿಲ್ಲ, ಮಾವನ ರಾಗಿ ಪೈರು ಮೊಣಕಾಲುದ್ದ ನಿಂತಿತ್ತು. ಅದನ್ನು ತುಳಿದುಕೊಂಡೇ ನಡೆದೆ. ಬೇಕೆಂದೇ ಪಾದ ಅಗಲಿಸಿ ತುಳಿದೆ. ಮಾವ ಆ ತುದಿಯಲ್ಲಿ ನಿಂತು ಕೋರ್ಟು, ಪೊಲೀಸು ಎಂದು ಕೂಗುತ್ತಿದ್ದ. ಕೂಗಲಿ. ಅವನನ್ನು ನಾನು ಕ್ಷಮಿಸಿಲ್ಲ, ಸರ್ವೆಯವರು ಬರುವ ತನಕ ವಾರಕ್ಕೊಮ್ಮೆ ಅದೇ ಗೆರೆಯಲ್ಲಿ ನಡೆಯುತ್ತೇನೆ. ಅವನ ಪೈರು ಅಲ್ಲಿ ಏಳುವುದಿಲ್ಲ.

ಅವ್ವನ ಗುಡ್ಡೆ ಇದ್ದ ಜಾಗಕ್ಕೆ ಬಂದು ನಿಂತೆ. ಗುರುತಿಗೆ ಏನೂ ಇರಲಿಲ್ಲ, ಪಾದಕ್ಕೆ ಗೊತ್ತಾಯಿತು. ಮೇಲಿನ ಡಬ್ಬಿ ಯಾವಾಗ ಕಣ್ಣು ಬಿಡುತ್ತದೋ ತಿಳಿಯದು, ಅದಕ್ಕೇ ಹೆಂಟೆ ಇಳಿಸದೆ ಅಲ್ಲೇ ನಿಂತಿದ್ದೆ. ಕೆಸರು ನೀರು ಹಣೆಯ ಮೇಲಿಂದ ಬಾಯಿಗೆ ಇಳಿಯಿತು. ಪಂಪ್‌ಹೌಸಿನ ಕಡೆಗೆ ತಿರುಗಿ, ಅತ್ತಿಗೆಗೂ ಹಿರಿಯರಿಗೂ ಆ ತುದಿಯವನಿಗೂ ಕೇಳುವ ಹಾಗೆ ಹೇಳಿದೆ:

"ಅಣ್ಣ, ಅವತ್ತು ನಂಗೆ ದಾರಿ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಬೇಕಂತ್ಲೇ ಎಡಕ್ಕೆ ತಿರುಗ್ದೆ. ತಪ್ಪಾಯ್ತು ಕಣಣ್ಣ."